ಉತಾರ ಇಲ್ಲದ ದೇಹ

(ಗೋಕಾಕದ ಒಬ್ಬ ವಕೀಲರ ಕಚೇರಿ. ಮೂಡಲಗಿಯ ನಿವೃತ್ತ ಮಾಸ್ತರರು ಮೃತ್ಯುಪತ್ರದ ಕರಡು ಹಿಡಿದು ಬಂದಿದ್ದಾರೆ. ಹುಕ್ಕೇರಿಗೆ ಕೊಟ್ಟ ಅವರ ತಂಗಿಯೂ ಜೊತೆಗಿದ್ದಾಳೆ.)

ವಕೀಲ: ಹೊಲ, ಮನಿ, ಸೊಸೈಟಿ ಷೇರು, ಎಲ್ಲಾ ಸರಿ ಐತ್ರಿ ಮಾಸ್ತರ. ಈ ಕಡೀ ಕಲಮು ಮಾತ್ರ ತಗದುಬಿಡ್ರಿ.

ಮಾಸ್ತರ: ಅದನ್ನ ಬರಸಾಕ ನಾ ಬಂದದ್ದು! ಕಣ್ಣು, ಕಿಡ್ನಿ, ಉಪಯೋಗ ಬೀಳೋ ಎಲ್ಲಾ ಅಂಗ ದಾನ ಮಾಡಬೇಕಂತ ಬರದೀನಿ. ತಪ್ಪೇನೈತಿ?

ವಕೀಲ: ತಪ್ಪೇನಿಲ್ಲ, ಹೊತ್ತು ಮೀರತೈತಿ. ಮೃತ್ಯುಪತ್ರ ಯಾವಾಗ ಓದ್ತಾರ ಹೇಳ್ರಿ? ಮಣ್ಣು ಮಾಡಿ, ದಿವಸ ಮುಗಿಸಿ, ಬೀಗರು ಊರಿಗೆ ಹೋದ ಮ್ಯಾಲ ಟ್ರಂಕು ತಗೀತಾರ. ಕಣ್ಣು ಆರು ತಾಸಿನೊಳಗ ತಗೀಬೇಕಾಗತೈತಿ.

ಮಾಸ್ತರ: ಹೊಲ ಸಾಲಾ ಮಾಡಿ ತಗೊಂಡದ್ದು. ಮೈ ಹುಟ್ಟಿದಾಗಿಂದ ನಂದು. ಹೊಲದ ಮ್ಯಾಲ ನಡಿಯೋ ನನ್ನ ಮಾತು ನನ್ನ ಮೈ ಮ್ಯಾಲ ನಡಿಯೂದಿಲ್ಲ ಅಂದ್ರ ಇದೆಂಥಾ ನ್ಯಾಯ?

ವಕೀಲ: ಹೊಲಕ್ಕ ಉತಾರ ಐತಿ, ಮೈಗೆ ಉತಾರ ಇಲ್ರಿ. ಸತ್ತ ದೇಹವನ್ನ ಆಸ್ತಿ ಹಂಗ ಯಾರ ಹೆಸರಿಗೂ ಹಚ್ಚಾಕ ಬರೂದಿಲ್ಲ. ಹಂಗಂತ ನಿಮ್ಮ ಮಾತು ಗಾಳಿಗೆ ಹೋಗೂದಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆ ಅದಕ್ಕೊಂದು ದಾರಿ ಮಾಡೇತಿ. ಬದುಕಿದ್ದಾಗ ಬರದುಕೊಟ್ಟು, ಇಬ್ಬರು ಸಾಕ್ಷಿ ಸಹಿ ಹಾಕಿದ್ರ, ಆಮ್ಯಾಲ ನೀವು ಮನಸ್ಸು ಬದಲಿಸಿದ್ದು ಗೊತ್ತಿಲ್ಲದಿದ್ರ, ದೇಹ ಯಾರ ಸುಪರ್ದಿಯೊಳಗ ಐತೋ ಅವರು ಡಾಕ್ಟರಿಗೆ ಅನುವು ಮಾಡಿಕೊಡಬೇಕು. ಕಾಯ್ದೆಯ ಮಾತು ಇದು. ಆದ್ರ ದವಾಖಾನಿ ನಡಿಯೂದು ಬ್ಯಾರೆ. ಮನಿಯವರು ಒಬ್ಬರು ಬ್ಯಾಡಂದ್ರೂ ಡಾಕ್ಟರು ಕತ್ತರಿ ಮುಟ್ಟೂದಿಲ್ಲ. ಇನ್ನ ಸಾಕ್ಷಿ ವಿಚಾರ ನೋಡ್ರಿ. ಮೃತ್ಯುಪತ್ರಕ್ಕೂ ಇಬ್ಬರು ಸಾಕ್ಷಿ ಬೇಕು. ಅಲ್ಲಿ ಪಾಲು ತಗೊಳ್ಳೋ ಮಕ್ಕಳನ್ನ ನಾವು ದೂರ ಇಡ್ತೀವಿ. ನಾಳೆ ಕೋರ್ಟಿನೊಳಗ ತಕರಾರು ಬರಬಾರದಂತ. ದಾನದ ಪತ್ರಕ್ಕ ಉಲ್ಟಾ. ಇಬ್ಬರೊಳಗ ಒಬ್ಬರಾದ್ರೂ ಹತ್ತಿರದ ಸಂಬಂಧಿ ಇರಾಕಬೇಕು. ಅಂದ್ರ ಮನಿಯವರಿಗೆ ಗೊತ್ತಿಲ್ಲದಂಗ ಈ ದಾನ ಮಾಡಾಕ ಬರೂದಿಲ್ಲಂತ ಕಾಯ್ದೆನ ಹೇಳತೈತಿ.

ಮಾಸ್ತರ: ಅಂದ್ರ ಅವರ ಅಪ್ಪಣಿ ತಗೊಂಡು ಸಾಯಬೇಕು ನಾನು.

ವಕೀಲ: ಅಪ್ಪಣಿ ಅಲ್ಲ, ಒಪ್ಪಿಗಿ. ಹೊಲದ ಜಗಳ ಇಪ್ಪತ್ತು ವರ್ಷ ಕೋರ್ಟಿನೊಳಗ ಕುಂತ್ರೂ ಹೊಲ ಎಲ್ಲಿಗೂ ಹೋಗೂದಿಲ್ಲ. ಕಣ್ಣು ಕಾಯೂದಿಲ್ಲ. ನೀವು ಬಿಟ್ಟುಹೋಗೋದು ಆಸ್ತಿ ಅಲ್ರಿ, ಒಂದು ಕೆಲಸ. ಆ ಹೊತ್ತಿನ್ಯಾಗ ಅಳಕೋತ ಕುಂತವರು ಎದ್ದು ಫೋನ್ ಮಾಡಬೇಕಾದ ಕೆಲಸ.

ತಂಗಿ: ಅಳವರಿಗೆ ಅದೆಲ್ಲಾ ನೆನಪಿರತೈತೇನ್ರಿ? ಮತ್ತ ಸಮಾಧಿಯೊಳಗ ಕುಂದ್ರಿಸುವಾಗ ಅಣ್ಣನ ಮೈ ಹೆಂಗಿರಬೇಕು? ಕೊಯ್ದ ಮೈಗೆ ವಿಭೂತಿ ಹಚ್ಚೂದು ಹೆಂಗ?

ಮಾಸ್ತರ: ಬೈಲಹೊಂಗಲದ ರಾಮಣ್ಣವರ ಡಾಕ್ಟರರ ಸುದ್ದಿ ಕೇಳಿಲ್ಲೇನ ನೀ? ತಂದಿ 2008ರಾಗ ತೀರಿಕೊಂಡ್ರು. ತಮ್ಮ ದೇಹ ಮಗನೇ ಕೊಯ್ದು ಹುಡುಗರಿಗೆ ಕಲಿಸಲಿ ಅಂತ ಅವರ ಇಚ್ಛಾ ಇತ್ತು. 2010ರಾಗ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನೊಳಗ ತಂದಿ ದೇಹ ಛೇದಿಸಿದ್ರು!

ವಕೀಲ: ಅದು ನನ್ನ ಮಾತಿಗೆ ಸಾಕ್ಷಿ ಮಾಸ್ತರ. ಬರೇ ಕಾಗದದಿಂದ ಅದು ಆಗತಿತ್ತೇನ್ರಿ? ಮಗ ಒಪ್ಪಿಕೊಂಡ, ಅದಕ್ಕ ಆತು. ಆದ್ರ ಅದು ದೇಹದಾನ. ನೀವು ಬರದದ್ದು ಅಂಗದಾನ. ಇದರೊಳಗ ಬೇಕಾದ್ದು ತಗದು, ಹೊಲಿದು, ದೇಹ ಮನಿಯವರಿಗೆ ಕೊಡ್ತಾರವ್ವಾ. ಕುಂದ್ರಿಸಿ ಮಣ್ಣು ಮಾಡಾಕ ಯಾವ ಅಡ್ಡಿನೂ ಇಲ್ಲ. 2021ರ ಅಕ್ಟೋಬರ್ 29ಕ್ಕ ನಟ ಪುನೀತ್ ರಾಜಕುಮಾರ, ನಮ್ಮ ಅಪ್ಪು, ಹೋದ್ರು, ಕಣ್ಣು ಕೊಟ್ರು, ನಾಲ್ಕು ಮಂದಿಗೆ ಬೆಳಕಾತು. ಕಂಠೀರವ ಸ್ಟೇಡಿಯಂನೊಳಗ ಮುಖ ನೋಡಾಕ ನಾಡ ಹರಿದು ಬಂತು. ಯಾರಿಗಾದ್ರೂ ಮುಖದಾಗ ವ್ಯತ್ಯಾಸ ಕಂಡಿತೇನು? ಅವರಪ್ಪ ರಾಜಕುಮಾರ 2006ರಾಗ ಕಣ್ಣು ಕೊಟ್ಟಿದ್ರು. ಮನಿಯೊಳಗ ಮೊದಲ ಮಾತಾಗಿದ್ರ ಹಿಂಗ ಸರಳ ಆಗತೈತಿ.

ತಂಗಿ: ಕಣ್ಣು ಸರಿ. ಎದಿ ಇನ್ನೂ ಬಡಕೋತಿರುವಾಗ ಸತ್ತಾರ ಅಂತಾರಲ್ಲ, ಅದು?

ವಕೀಲ: ಮಿದುಳಿನ ಬುಡ ಸತ್ತಿರತೈತಿ. ಉಸಿರಾಡಿಸೂದು ಯಂತ್ರ. ನಾಲ್ಕು ಡಾಕ್ಟರು ಕೂಡಿ, ಆರು ತಾಸಿನ ಅಂತರದಾಗ ಎರಡು ಸಲ ಪರೀಕ್ಷಾ ಮಾಡಿ ಬರದುಕೊಡಬೇಕು. ನಿಮ್ಮಣ್ಣ ಮೂಡಲಗಿ ಮನಿಯೊಳಗ ಹಾಸಿಗಿ ಮ್ಯಾಲ ಹೋದ್ರ ಆ ಪ್ರಶ್ನೆನ ಏಳೂದಿಲ್ಲ. ಅವಾಗ ಕಿಡ್ನಿ, ಹೃದಯ ಯಾವುದೂ ಬರೂದಿಲ್ಲ, ಕಣ್ಣು ಬರತೈತಿ.

ಮಾಸ್ತರ: ಯಂತ್ರ ಅಂದ್ರಿ, ನೆನಪಾತು. ಸುಮ್ಮ ಯಂತ್ರಕ್ಕ ಹಾಕಿ ಇಡಬ್ಯಾಡ್ರಿ ಅಂತ ಬರದಿಡಾಕ ಬರತೈತಂತಲ್ಲ? 2025ರಾಗ ನಮ್ಮ ಸರಕಾರ ಆದೇಶ ಮಾಡೇತಿ ಅಂತ ಪೇಪರಿನ್ಯಾಗ ಓದೀನಿ. ಅದನ್ನೂ ಇದರೊಳಗ...

ವಕೀಲ: ಅದು ಮೂರನೇ ಕಾಗದ್ರಿ ಮಾಸ್ತರ! ಮೃತ್ಯುಪತ್ರ ಸತ್ತ ಮ್ಯಾಲ, ದಾನದ ಪತ್ರ ಸತ್ತ ತಾಸಿನೊಳಗ, ಅದು ಸಾಯೂಕಿಂತ ಮೊದಲ. ಇನ್ನೊಂದು ದಿನ ಕುಂದ್ರೂಣು. ಇವತ್ತು ದಾನದ ಪತ್ರ ಬ್ಯಾರೆ ಮಾಡ್ರಿ. ರಾಜ್ಯದೊಳಗ ಜೀವಸಾರ್ಥಕತೆ ಅಂತ ಸಂಸ್ಥೆ ಐತಿ, ಅಲ್ಲಿ ಹೆಸರು ಹಚ್ಚಾಕ ಬರತೈತಿ. ಮೃತ್ಯುಪತ್ರದೊಳಗ ಬೇಕಾದ್ರ ಒಂದು ಸಾಲು ಇರಲಿ, ಪತ್ರ ಎಲ್ಲಿ ಐತಿ ಅಂತ. ಮೂಲ ಪ್ರತಿ ಟ್ರಂಕಿನ್ಯಾಗ ಅಲ್ಲ, ಮಗನ ಕೈಯಾಗ.

ಮಾಸ್ತರ: ಮಗ ಪುಣೆಯೊಳಗ ಅದಾನ.

ವಕೀಲ: ಹಂಗಾದ್ರ ಹತ್ತಿರ ಇದ್ದವರ ಕೈಯಾಗ.

(ಇಬ್ಬರೂ ತಂಗಿಯ ಕಡೆ ನೋಡುತ್ತಾರೆ.)

ತಂಗಿ: ಹಿಂಗ ನೋಡಬ್ಯಾಡ್ರಿ. ಕಣ್ಣಿಗಾದ್ರ ಈಗ ಸಹಿ ಹಾಕ್ತೀನಿ. ಉಳಿದದ್ದಕ್ಕ ಅವನ ಮಕ್ಕಳ ಜೋಡಿ ಮಾತಾಡಬೇಕು, ನಾ ಒಬ್ಬಾಕಿ ಹೂಂ ಅನ್ನೂದಿಲ್ಲ. ಅಲ್ರೀ, ನನ್ನ ಸಹಿ ನಡೀತೈತೇನು? ಹುಕ್ಕೇರಿಗೆ ಕೊಟ್ಟ ಹೆಣ್ಣುಮಗಳು ನಾ.

ವಕೀಲ: ನಡೀತೈತವ್ವಾ. ಗಂಡ ಹೆಂಡತಿ, ಮಕ್ಕಳು, ತಂದಿ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, 2011ರ ತಿದ್ದುಪಡಿ ಆದ ಮ್ಯಾಲ ಅಜ್ಜ ಅಜ್ಜಿ, ಮೊಮ್ಮಕ್ಕಳು. ಮದುವಿ ಆಗಿ ಹೋದಾಕಿ ಅಂತ ಆ ಪಟ್ಟಿಯೊಳಗ ಯಾರನ್ನೂ ಬಿಟ್ಟಿಲ್ಲ.