ಎಳ್ಳು ಬೀರುವ ಹೊತ್ತು

ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಮನೆಯಲ್ಲಿ ಕೊಬ್ಬರಿ ಹೆಚ್ಚುವ ಕೆಲಸ ಶುರು. ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲವನ್ನೂ ಅಷ್ಟೇ ಗಾತ್ರಕ್ಕೆ ತುಂಡು ಮಾಡಿ ಬಿಸಿಲಿಗಿಡಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಬಿಡಿಸಬೇಕು. ಆಮೇಲೆ ಹುರಿಗಡಲೆ, ಎಳ್ಳು. ಅಂಗಡಿಯಲ್ಲಿ ಎಲ್ಲ ಬೆರೆಸಿದ ಪೊಟ್ಟಣವೇ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಹುರಿಗಡಲೆಯದೇ ದರ್ಬಾರು, ಕೊಬ್ಬರಿಯನ್ನು ಹುಡುಕಬೇಕು.

ಈ ಸಲ ಜೊತೆಗೆ ಹೆಚ್ಚಲು ಕೂತ ಮಗಳು ಕೇಳಿದಳು, “ಅಮ್ಮ, ದೊಡ್ಡಮ್ಮನ ಮನೆಗೂ ಹೋಗ್ತೀಯಾ?”

ದೊಡ್ಡಮ್ಮ ಎಂದರೆ ನನ್ನ ವಾರಗಿತ್ತಿ. ಎರಡು ಬೀದಿ ಆಚೆ ಮನೆ. ಅತ್ತೆ ಹಾಸಿಗೆ ಹಿಡಿದಾಗ ಯಾರು ಎಷ್ಟು ತಿಂಗಳು ನೋಡಿಕೊಳ್ಳಬೇಕು ಎಂದು ಶುರುವಾದ ಮಾತು, ಅವರು ಹೋದ ಮೇಲೆ ಅವರ ಬಳೆಗಳಿಗೆ ಬಂದು ನಿಂತಿತು. ನಾನೂ ಆಡಬಾರದ್ದನ್ನು ಆಡಿದೆ.

“ಹಬ್ಬ ಅಲ್ವೇನೇ, ಹೋಗಲೇಬೇಕು” ಎಂದೆ.

“ಒಳಗೆ ಕೋಪ ಇಟ್ಕೊಂಡು, ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಂದ್ರೆ ಅದು ಸುಳ್ಳಲ್ವಾ?”

ನನಗೆ ತವರಿನ ನೆನಪಾಯಿತು. ಚಿಕ್ಕಪ್ಪನಿಗೂ ನಮ್ಮಪ್ಪನಿಗೂ ಗದ್ದೆಯ ಖಟ್ಲೆ. ವರ್ಷವಿಡೀ ಮಾತಿಲ್ಲ. ಆದರೂ ಸಂಕ್ರಾಂತಿಯ ಸಂಜೆ, ಹಸುಗಳನ್ನು ಕಿಚ್ಚು ಹಾಯಿಸುವ ಮೊದಲು, ಅಮ್ಮ ಚಿಕ್ಕಮ್ಮನ ಬಾಗಿಲಿಗೆ ತಟ್ಟೆ ಹಿಡಿದು ಹೋಗುತ್ತಿದ್ದಳು. ನಾನು ಮುಖ ಸಿಂಡರಿಸಿದರೆ, “ಈ ಮಾತು ನಂದಲ್ಲ ಕಣೇ, ಹಬ್ಬದ್ದು” ಎನ್ನುತ್ತಿದ್ದಳು. ಖಟ್ಲೆಯೇನೂ ನಿಲ್ಲಲಿಲ್ಲ. ಆದರೆ ಚಿಕ್ಕಮ್ಮನ ಮಗಳಿಗೆ ನಡುರಾತ್ರಿ ಹೆರಿಗೆ ನೋವು ಬಂದಾಗ ಅವರು ಬಂದು ತಟ್ಟಿದ್ದು ನಮ್ಮ ಬಾಗಿಲನ್ನೇ.

ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೇ; ನಾವು ಹಬ್ಬ ಮಾಡುವುದು ಜನವರಿ 14 ಅಥವಾ 15ಕ್ಕೆ. ಅವನು ತಿರುಗಿದ ಮೂರು ವಾರಕ್ಕೆ ನಮ್ಮ ಹಬ್ಬ. ಮನುಷ್ಯರಲ್ಲಿ ಹಬ್ಬವೇ ಮೊದಲು ಬಂದು, ಮನಸ್ಸು ಆಮೇಲೆ ನಿಧಾನವಾಗಿ ತಿರುಗಿದರೆ ಅದನ್ನು ಸುಳ್ಳೆನ್ನಬೇಕೇ?

ಹೀಗೆ ಮಗಳಿಗೆ ಉತ್ತರ ಸಿಕ್ಕಿತೆಂದು ಬೀಗುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಕಳೆದ ಎರಡು ವರ್ಷವೂ ನಾನು ಎಳ್ಳು ಬೀರಿ ಬಂದಿದ್ದೆ. ಕೊಟ್ಟೆನಲ್ಲ, ಇನ್ನೇನು ಎಂದು ಸಮಾಧಾನಪಟ್ಟಿದ್ದೆ. ಕೇಳಬೇಕಾಗಿದ್ದ ಕ್ಷಮೆಯನ್ನು ಸಕ್ಕರೆ ಅಚ್ಚಿನ ಹಿಂದೆ ಬಚ್ಚಿಟ್ಟಿದ್ದೆ. ಹಬ್ಬದ ಮಾತು ನನ್ನ ಮಾತನ್ನು ಆಡದಿರಲು ನೆವವಾಯಿತಲ್ಲ! ಮಗಳು ಸುಳ್ಳೆಂದದ್ದು ಅಷ್ಟರಮಟ್ಟಿಗೆ ಸರಿಯೇ.

ಮದುವೆಯಾದ ಮೊದಲ ಐದು ವರ್ಷ ನಮ್ಮ ಕಡೆ ಬಾಳೆಹಣ್ಣು ಬೀರುವ ಪದ್ಧತಿ, ನಿಮಗೂ ಗೊತ್ತಿರುತ್ತದೆ. ಊರು ತಿಳಿಯದ ನನ್ನನ್ನು ಮೊದಲ ವರ್ಷ ಮನೆಮನೆಗೆ ಕರೆದೊಯ್ದವರು ಈ ಅಕ್ಕನೇ. ಹಣ್ಣಿನ ಬುಟ್ಟಿಯನ್ನು ದಾರಿಯುದ್ದಕ್ಕೂ ತಾವೇ ಹೊತ್ತಿದ್ದರು.

ಸಂಜೆ ತಟ್ಟೆಯಲ್ಲಿ ಎಳ್ಳು, ಕಬ್ಬಿನ ತುಂಡು, ಅಚ್ಚು, ಬಾಳೆಹಣ್ಣು ಇಟ್ಟುಕೊಂಡು ಹೋದೆ. ಕುಂಕುಮ ಕೊಟ್ಟರು. ಹೊಸ್ತಿಲಲ್ಲೇ ನಿಂತು, “ಅಕ್ಕ, ಅವತ್ತು ನಾನು ಹಾಗೆ ಅನ್ನಬಾರದಿತ್ತು” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಳ್ಳನ್ನು ಬಾಯಿಗೆ ಹಾಕಿಕೊಂಡು, “ಕೊಬ್ಬರಿ ಈ ಸಲ ದಪ್ಪ ಹೆಚ್ಚಿದ್ದೀಯಾ” ಎಂದರು.

“ನಿಮ್ಮ ಮಗಳು ಹೆಚ್ಚಿದ್ದು” ಎಂದೆ. ಬಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಳಗೆ ಕಾಫಿಗೆ ನೀರಿಟ್ಟ ಸದ್ದು ಕೇಳಿ, ನಾನು ಚಪ್ಪಲಿ ಬಿಟ್ಟೆ.