ಯಾರ ತಪ್ಪು?

ನನ್ನ ಅಕ್ಕನ ಮಗ ಹುಟ್ಟಿದ ಮೇಲೆ ಏಳು ತಿಂಗಳು ಗುಂಡುಗುಂಡಗಿದ್ದ. ಆಮೇಲೆ ಶುರುವಾಯಿತು. ಕಿವಿ ಸೋರೋದು, ಎದೆ ಕಟ್ಟೋದು, ಒಂದೇ ವರ್ಷದಲ್ಲಿ ಮೂರು ಸಲ ನ್ಯುಮೋನಿಯಾ. ಒಂದು ಆಸ್ಪತ್ರೆಯ ಡಾಕ್ಟರು ಊರು ಕೇಳಿದರು, ಊರಲ್ಲಿ ಯಾವ ಕಡೆ ಮನೆ ಅಂತಲೂ ಕೇಳಿದರು, 'ಮೊದಲು ಕ್ಲೀನಾಗಿರೋದು ಕಲೀರಿ' ಅಂದರು. ಅಕ್ಕನ ಅತ್ತೆ 'ಯಾವ ಜನ್ಮದ ಪಾಪ ಹೊತ್ಕೊಂಡು ಬಂದಳೋ' ಅಂದಳು. ಓದಿದವರು, ಓದದವರು ಇಬ್ಬರ ಬೆರಳೂ ಅಕ್ಕನ ಕಡೆಗೇ.

ಕರ್ಮ ಸಿದ್ಧಾಂತ ಇರೋದು ಬರೀ ಶಾಸ್ತ್ರದ ಪುಸ್ತಕದಲ್ಲಲ್ಲ ಗೆಳೆಯರೇ. ಕಾರಣ ಗೊತ್ತಿಲ್ಲದ ಕಡೆ ಒಬ್ಬ ಅಪರಾಧಿಯನ್ನು ಹುಡುಕಿ ನಿಲ್ಲಿಸೋದೇ ಅದರ ಕಸುಬು. ನಮ್ಮ ಹುಟ್ಟಿಗೆ ಕಾರಣ ಹೇಳಿದ ಬಾಯಿ ನಮ್ಮ ಮಕ್ಕಳ ಕಾಯಿಲೆಗೆ ಸುಮ್ಮನಿರುತ್ತದೆಯೇ?

ಕೊನೆಗೆ ಬೆಂಗಳೂರಿನ ರಕ್ತ ಪರೀಕ್ಷೆಯಲ್ಲಿ ತಿಳಿಯಿತು. ರೋಗದ ಜೊತೆ ಹೋರಾಡುವ ಪ್ರತಿಕಾಯಗಳನ್ನು ಹುಡುಗನ ಮೈ ತಯಾರು ಮಾಡೋದೇ ಇಲ್ಲ. 1952ರಲ್ಲಿ ಅಮೆರಿಕದ ಸೇನಾ ವೈದ್ಯ ಬ್ರೂಟನ್ ಎಂಟು ವರ್ಷದ ಹುಡುಗನೊಬ್ಬನಲ್ಲಿ ಗುರುತಿಸಿದ ಕಾಯಿಲೆ ಇದು. ಹಾಗಾದರೆ ಮೊದಲ ಏಳು ತಿಂಗಳು? ಬಸುರಿನಲ್ಲಿ ತಾಯಿಯ ರಕ್ತದಿಂದ ಬಂದಿದ್ದ ಪ್ರತಿಕಾಯಗಳು ಕಾದಿದ್ದವು. ಪಾಪಿ ಅನ್ನಿಸಿಕೊಂಡವಳೇ ಕಾದಿದ್ದಳು.

ಆದರೆ ಇನ್ನೊಂದು ಸತ್ಯವೂ ಇದೆ. ಈ ದೋಷ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಅದು ಬರೋದು ತಾಯಿಯಿಂದ. 'ಹಂಗಾದ್ರೆ ನನ್ನಿಂದಲೇ ಅಲ್ವೇನೋ?' ಅಂದಳು ಅಕ್ಕ. ಮನೆಗೆಲ್ಲ ಮೊದಲ ಡಿಗ್ರಿಯವನು ನಾನು, ಬಾಯಿ ಕಟ್ಟಿತು. ಅಲ್ಲ ಅಂದರೆ ಸುಳ್ಳು. ಹೌದು ಅಂದರೆ ಅತ್ತೆಯ ಪಕ್ಷ ಸೇರಿದಂತೆ. ಮೂರು ದಿನ ಬಿಟ್ಟು ಹೇಳಿದೆ: ನಿನ್ನಿಂದ ಬಂತು, ನೀನು ಮಾಡಿದ್ದಲ್ಲ. ತಪ್ಪು ಅನ್ನಬೇಕಾದರೆ ಯಾರಾದರೂ ಮಾಡಿರಬೇಕು. ನಿನ್ನ ಮೂಗೂ ಅವನಿಗೆ ಬಂದಿದೆ, ಅದನ್ನೇನು ನೀನು ಕೂತು ತಿದ್ದಿದ್ದೀಯಾ? 'ಮೂಗು ಅವರಪ್ಪಂದು ಕಣೋ' ಅಂದಳು.

ಶೀತ ಆದವರು ಮನೆಗೆ ಬಂದರೆ 'ಮಗೂನ ಮುಟ್ಟಬೇಡಿ' ಅನ್ನಬೇಕು. ತಲೆತಲಾಂತರ ನಾವು ಕೇಳಿಸಿಕೊಂಡ ಮಾತು. ಅವಳು ಅದನ್ನು ಅನ್ನೋದಿಲ್ಲ, ಮಗನನ್ನೇ ಎತ್ತಿಕೊಂಡು ಹಿತ್ತಿಲಿಗೆ ಹೋಗ್ತಾಳೆ.

ಔಷಧಿ ಇದೆ, ಇಮ್ಯುನೊಗ್ಲೋಬುಲಿನ್. ಸಾವಿರಾರು ಜನರ ರಕ್ತದ ಪ್ಲಾಸ್ಮಾ ಕೂಡಿಸಿ ಮಾಡಿದ್ದು. ಯಾವ ಕೇರಿಯವರದು, ಯಾವ ಅಗ್ರಹಾರದವರದು ಅಂತ ಬಾಟಲಿಯ ಮೇಲೆ ಬರೆದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ, ಜೀವ ಇರೋವರೆಗೂ. ಭಾವನ ಒಂದು ತಿಂಗಳ ಗಾರೆ ಕೂಲಿ ಒಂದು ಬಾಟಲಿಗೇ ಆಗುತ್ತೆ. 2021ರಲ್ಲಿ ಅಪರೂಪದ ಕಾಯಿಲೆಗಳಿಗೆಂದು ರಾಷ್ಟ್ರೀಯ ನೀತಿ ಬಂದಿದೆ. ಆ ನೀತಿಗೂ ನಮ್ಮ ಹಟ್ಟಿಗೂ ನಡುವೆ ಎರಡು ಬಸ್ಸು, ಒಂದು ದಿನದ ಕೂಲಿ, ಒಂದು ಚೀಲ ಕಾಗದ. ತಪ್ಪು ಹುಡುಕುವವರು ಇಲ್ಲಿ ಹುಡುಕಲಿ, ಮಾಡಿದವರು ಸಿಗ್ತಾರೆ.

ಔಷಧಿ ತೂಕದ ಲೆಕ್ಕ: ಕಿಲೋಗೆ ಸುಮಾರು 400 ಮಿಲಿಗ್ರಾಂ. 5 ಗ್ರಾಮಿನ ಬಾಟಲಿ ಹನ್ನೆರಡೂವರೆ ಕಿಲೋವರೆಗೆ ಸಾಕು. ಮೊನ್ನೆ ಅಂಗನವಾಡಿಯಲ್ಲಿ ಹುಡುಗ 13 ಕಿಲೋ ತೂಗಿದ. ಟೀಚರಮ್ಮ ನಗುನಗುತ್ತಾ ಬರೆದುಕೊಂಡರು. ಅಕ್ಕ ಇನ್ನೊಂದು ಸಲ ತೂಗಿ ನೋಡಿ ಅಂದಳು.