ವ್ರತವೋ, ಚಿತ್ತವ್ಯಾಧಿಯೋ?

ಜೈನ ಗೃಹಸ್ಥರ ಮನೆಗಳಲ್ಲಿ ಉಪವಾಸವು ಅಪರೂಪದ ಸಂಗತಿಯಲ್ಲ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ, ದಶಲಕ್ಷಣ ಪರ್ವದ ಏಕಾಶನ, ರಾತ್ರಿಭೋಜನತ್ಯಾಗ ಮೊದಲಾದ ನಿಯಮಗಳ ನಡುವೆಯೇ ಮಕ್ಕಳು ಬೆಳೆಯುತ್ತಾರೆ. ಅನ್ನವನ್ನು ಬಿಡುವುದು ಗೌರವದ ಕಾರ್ಯವೆಂಬ ಭಾವನೆ ಈ ಮನೆಗಳಲ್ಲಿ ಸಹಜವಾಗಿ ನೆಲೆಸಿರುತ್ತದೆ. ಆ ಕಾರಣದಿಂದಲೇ ಒಂದು ಪ್ರಶ್ನೆಯು ಇತರರಿಗಿಂತ ಜೈನರಿಗೆ ಹೆಚ್ಚು ಹತ್ತಿರದ್ದಾಗಿದೆ. ಮನೆಯವರೊಬ್ಬರು ಊಟವನ್ನು ಬಿಟ್ಟಾಗ ಅದು ವ್ರತವೋ, ಚಿತ್ತದ ವ್ಯಾಧಿಯೋ ಎಂಬುದನ್ನು ತಿಳಿಯುವ ಬಗೆ ಯಾವುದು?

ಈ ವಿಷಯದಲ್ಲಿ ಎರಡು ಬಗೆಯ ತಪ್ಪಿಗೆ ಅವಕಾಶವಿದೆ. ವ್ರತವನ್ನು ವ್ಯಾಧಿಯೆಂದು ಕರೆದರೆ ಧರ್ಮಕ್ಕೆ ಅಪಚಾರವಾಗುತ್ತದೆ. ವ್ಯಾಧಿಯನ್ನು ವ್ರತವೆಂದು ಕೊಂಡಾಡಿದರೆ ಒಂದು ಜೀವಕ್ಕೆ ಹಾನಿಯಾಗುತ್ತದೆ, ಆ ಹಾನಿಯಲ್ಲಿ ಕೊಂಡಾಡಿದವರೂ ಪಾಲುಗಾರರಾಗುತ್ತಾರೆ.

ಯಲಬುರ್ಗಾ ತಾಲೂಕಿನ ಬೇವೂರಿನಂಥ ಊರಿನಲ್ಲಿ ಒಂದು ಜೈನ ಕುಟುಂಬವಿದೆಯೆಂದು ಉದಾಹರಣೆಗಾಗಿ ಭಾವಿಸಬಹುದು. ಆ ಮನೆಯ ಹಿರಿಯ ತಾಯಿ ಪತಿಯ ಮರಣಾನಂತರ ದಿನೇ ದಿನೇ ಮೌನಿಯಾಗಿದ್ದಾರೆ. ಮುಂದಿಟ್ಟ ರೊಟ್ಟಿಯನ್ನು ಮುಟ್ಟದೆ ತಾಟನ್ನು ಸರಿಸುತ್ತಾರೆ. ಕಾರಣ ಕೇಳಿದರೆ, ‘ನನ್ನಿಂದ ಯಾರಿಗೇನು ಉಪಯೋಗ ಐತಿ? ಇನ್ನ ನಾ ಸಲ್ಲೇಖನ ತೊಗೋತೀನಿ’ ಎನ್ನುತ್ತಾರೆ. ಅದೇ ಮನೆಯ ಮೊಮ್ಮಗಳು ದಶಲಕ್ಷಣ ಪರ್ವದಲ್ಲಿ ಏಕಾಶನವನ್ನು ಕೈಗೊಂಡವಳು, ಪರ್ವವು ಕಳೆದು ನಾಲ್ಕು ತಿಂಗಳಾದರೂ ಅದನ್ನು ಬಿಟ್ಟಿಲ್ಲ. ಪಾರಣೆಯ ಮಾತೆತ್ತಿದರೆ ಭಯಪಡುತ್ತಾಳೆ. ಬಡಿಸಿದ್ದನ್ನು ಗುಟ್ಟಾಗಿ ಚೆಲ್ಲುತ್ತಾಳೆ. ಕೃಶವಾದ ದೇಹವನ್ನು ಕನ್ನಡಿಯಲ್ಲಿ ಕಂಡು ಇನ್ನೂ ದಪ್ಪವೆಂದು ಕೊರಗುತ್ತಾಳೆ. ಊರಿನ ಜನರಾದರೋ ಅಜ್ಜಿಗೆ ಕೈಮುಗಿಯುತ್ತಾರೆ, ಮೊಮ್ಮಗಳನ್ನು ಪುಣ್ಯವಂತೆಯೆನ್ನುತ್ತಾರೆ. ಮನೆಯವರ ಕರ್ತವ್ಯವೇನು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಅಪಸಾಮಾನ್ಯ ಮನೋವಿಜ್ಞಾನವೆಂಬ ಶಾಸ್ತ್ರದ ಬಗ್ಗೆ ಧರ್ಮಶೀಲರಲ್ಲಿ ಒಂದು ಶಂಕೆಯುಂಟು. ನಾಲ್ವರಂತೆ ನಡೆಯದವನನ್ನೆಲ್ಲ ಅದು ಹುಚ್ಚನೆನ್ನುವುದಾದರೆ, ಕೇಶಲೋಚ ಮಾಡಿಕೊಳ್ಳುವ ಮುನಿಗಳ ಗತಿಯೇನು ಎಂದು ಅವರು ಕೇಳುತ್ತಾರೆ. ಈ ಶಂಕೆಗೆ ಆಧಾರವಿಲ್ಲ. ಒಂದು ನಡವಳಿಕೆಯು ವಿರಳವಾಗಿದೆಯೆಂಬ ಮಾತ್ರಕ್ಕೆ ಅದು ರೋಗವೆನಿಸುವುದಿಲ್ಲವೆಂಬುದನ್ನು ಆ ಶಾಸ್ತ್ರವೇ ಒಪ್ಪಿದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯದ ಕೈಪಿಡಿಯು, ಒಂದು ಸಮಾಜದ ಸಂಸ್ಕೃತಿಗೆ ಸಮ್ಮತವಾದ ವರ್ತನೆಯನ್ನು ಮನೋರೋಗದಿಂದ ಹೊರಗಿಡುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯೂ, ವ್ಯಕ್ತಿಯ ಮತಧರ್ಮವನ್ನಾಗಲಿ, ಸುತ್ತಲಿನವರ ನಂಬಿಕೆಗಳನ್ನು ಅವನು ಅನುಸರಿಸದಿರುವುದನ್ನಾಗಲಿ ಆಧಾರವಾಗಿಟ್ಟುಕೊಂಡು ಅವನನ್ನು ಮನೋರೋಗಿಯೆಂದು ನಿರ್ಣಯಿಸಕೂಡದೆಂದು ವಿಧಿಸಿದೆ.

ಹಾಗಾದರೆ ವೈದ್ಯರು ನೋಡುವುದೇನನ್ನು? ವ್ಯಕ್ತಿಯು ಅನುಭವಿಸುವ ಯಾತನೆ, ನಿತ್ಯಕರ್ಮಗಳನ್ನು ನಡೆಸುವ ಶಕ್ತಿಯ ಕುಂದು, ಪ್ರಾಣಕ್ಕಿರುವ ಅಪಾಯ, ತನ್ನ ವರ್ತನೆಯ ಮೇಲೆ ತನಗೇ ಹಿಡಿತ ತಪ್ಪಿರುವುದು ಇವುಗಳನ್ನು. ಖಿನ್ನತೆಯಲ್ಲಿ ಹಸಿವು, ನಿದ್ರೆ, ಬದುಕಿನ ಆಸಕ್ತಿ ಮೂರೂ ಬತ್ತುತ್ತವೆ. ತಾನು ನಿಷ್ಪ್ರಯೋಜಕನೆಂಬ ಭಾವನೆ ಬೇರೂರುತ್ತದೆ. ಗೀಳುರೋಗದಲ್ಲಿ, ಬೇಡವೆಂದರೂ ಒಂದೇ ಆಲೋಚನೆ ಮರಳಿ ಮರಳಿ ಬರುತ್ತದೆ. ತೊಳೆದ ಕೈಯನ್ನೇ ತೊಳೆಯುವಂತೆ, ಸೋಸಿದ ನೀರನ್ನೇ ಹತ್ತಾರು ಬಾರಿ ಸೋಸುವಂತೆ, ಮುಗಿದ ಪ್ರತಿಕ್ರಮಣವನ್ನೇ ತಪ್ಪಿತೆಂದು ಪುನಃ ಪುನಃ ಆರಂಭಿಸುವಂತೆ ಅದು ಬಲಾತ್ಕರಿಸುತ್ತದೆ. ಅನೊರೆಕ್ಸಿಯಾ ನರ್ವೋಸಾ ಎಂಬ ಇನ್ನೊಂದು ವ್ಯಾಧಿಗೆ 1870ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಆ ಹೆಸರನ್ನಿತ್ತನು. ಅದರಲ್ಲಿ ದಪ್ಪಗಾಗುವ ಭೀತಿಯಿಂದ ರೋಗಿಯು ಅನ್ನವನ್ನು ಬಿಟ್ಟು, ಪ್ರಾಣಾಪಾಯದ ಅಂಚಿಗೆ ಬಂದರೂ ತನಗೇನೂ ಆಗಿಲ್ಲವೆನ್ನುತ್ತಾನೆ.

ಹಸಿವೆಯೇ ಮನಸ್ಸನ್ನು ಕೆಡಿಸಬಲ್ಲದೆಂಬುದೂ ಗಮನಾರ್ಹ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯ ಮೇರೆಗೆ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದನು. ಅವರು ಹಗಲಿರುಳು ಅನ್ನವನ್ನೇ ಚಿಂತಿಸತೊಡಗಿದರು. ಸಿಡುಕು, ವಿಷಾದ, ಏಕಾಂತಪ್ರಿಯತೆಗಳು ಅವರಲ್ಲಿ ಬೆಳೆದವು. ದೇಹವು ಕ್ಷೀಣಿಸಿದಂತೆ ಮನಸ್ಸು ತಾನಾಗಿ ನಿರ್ಮಲವಾಗುತ್ತದೆಯೆಂಬ ನಂಬಿಕೆಗೆ ಇಲ್ಲಿ ಬೆಂಬಲ ದೊರೆಯುವುದಿಲ್ಲ. ಸಂಯಮದ ಶಿಕ್ಷಣವಿಲ್ಲದ ಹಸಿವು ಆಹಾರಸಂಜ್ಞೆಯನ್ನು ಬೆಳೆಸುತ್ತದೆ.

ಜೈನಾಚಾರ್ಯರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಬಾಹ್ಯತಪಸ್ಸಿನ ಆರು ಭೇದಗಳಲ್ಲಿ ಅನಶನದೊಂದಿಗೆ ಊನೋದರ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗಗಳನ್ನೂ ಅವರು ಇರಿಸಿದರು; ಅವೆಲ್ಲಕ್ಕೂ ಗುರಿಯಾಗಿ ಪ್ರಾಯಶ್ಚಿತ್ತದಿಂದ ಧ್ಯಾನದವರೆಗಿನ ಆರು ಆಭ್ಯಂತರ ತಪಸ್ಸುಗಳನ್ನು ವಿಧಿಸಿದರು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸು ಶಕ್ತ್ಯನುಸಾರವಾಗಿರಬೇಕೆಂಬುದೇ ಒಂದು ಭಾವನೆ. ತನ್ನ ಶಕ್ತಿಯನ್ನು ಮರೆಮಾಡುವುದು ದೋಷವಾದಂತೆ ಅದನ್ನು ಮೀರುವುದೂ ಅಲ್ಲಿ ವಿಹಿತವಲ್ಲ. 2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಜೈನ ಬಾಲಕಿಯೊಬ್ಬಳು 68 ದಿನಗಳ ಉಪವಾಸದ ತರುವಾಯ ಮರಣ ಹೊಂದಿದಳು. ಆ ಎಳೆಯ ಜೀವದ ಶ್ರದ್ಧೆಯನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಬಾಲವಯಸ್ಸಿನವರ ಶಕ್ತಿಯನ್ನು ಅಳೆಯುವ ಹೊಣೆಯು ಹಿರಿಯರದೆಂಬುದನ್ನು ಸಮಾಜವು ಮರೆಯಲಾಗದು.

ವ್ರತಿಯ ಲಕ್ಷಣವನ್ನು ಹೇಳುವಲ್ಲಿ ಉಮಾಸ್ವಾಮಿಗಳು ಉಪವಾಸದ ದಿನಗಳನ್ನು ಎಣಿಸುವುದಿಲ್ಲ. ಅವನು ಶಲ್ಯರಹಿತನಾಗಿರಬೇಕೆಂಬುದನ್ನೇ ತತ್ತ್ವಾರ್ಥಸೂತ್ರದಲ್ಲಿ ಮುಂದಿಡುತ್ತಾರೆ. ಮಾಯಾ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳು ಮಾಂಸದಲ್ಲಿ ಮುರಿದುಳಿದ ಮುಳ್ಳಿನಂತೆ ಒಳಗಿದ್ದು ನೋಯಿಸುತ್ತವೆ. ಮೊಮ್ಮಗಳ ಉಪವಾಸವನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಬಡಿಸಿದ್ದನ್ನು ಬಚ್ಚಿಡುವಲ್ಲಿ ಮಾಯೆ ಕಾಣುತ್ತದೆ. ಕೃಶದೇಹವನ್ನು ಸ್ಥೂಲವೆಂದು ಕಾಣುವಲ್ಲಿ ವಸ್ತುಸ್ವರೂಪವೇ ಮರೆಯಾಗಿದೆ. ದೇಹವು ಇಂಥ ಆಕಾರದಲ್ಲಿರಬೇಕೆಂಬ ಹಂಬಲದಲ್ಲಿ ದೇಹಮಮತೆಯು ಕರಗುವ ಬದಲು ಗಟ್ಟಿಗೊಂಡಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾರಣೆಯು ಅವಳ ಕೈಯಲ್ಲಿಲ್ಲ. ವ್ರತವನ್ನು ಸ್ವೀಕರಿಸುವುದು ಹೇಗೆ ಆತ್ಮದ ನಿರ್ಣಯವೋ, ಅವಧಿ ಮುಗಿದಾಗ ಶಾಂತವಾಗಿ ಪಾರಣೆ ಮಾಡುವುದೂ ಹಾಗೆಯೇ ಆತ್ಮದ ನಿರ್ಣಯ. ನಿಲ್ಲಿಸಲಾಗದ ಉಪವಾಸದಲ್ಲಿ ಪ್ರತ್ಯಾಖ್ಯಾನವಿಲ್ಲ, ಅಲ್ಲಿ ಪಾರತಂತ್ರ್ಯವಿದೆ. ಹಾಗೆಂದು ಅವಳನ್ನು ಕಪಟಿಯೆಂದು ಹಳಿಯುವುದು ಸಲ್ಲದು. ಜ್ವರಪೀಡಿತನು ನಡುಗುವುದು ಹೇಗೆ ಅವನ ಅಪರಾಧವಲ್ಲವೋ, ವ್ಯಾಧಿಯು ಮಾಡಿಸುವ ಈ ಕಾರ್ಯಗಳೂ ಅವಳ ಅಪರಾಧವಲ್ಲ.

ಅಜ್ಜಿಯ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಅವರು ಬಳಸಿದ ಶಬ್ದವು ಪವಿತ್ರವಾದುದು. ಯಲಬುರ್ಗಾ ಸೀಮೆಯ ನೆರೆಯಲ್ಲಿಯೇ ಇರುವ ಕೊಪ್ಪಳವು ಕವಿರಾಜಮಾರ್ಗದಲ್ಲಿ ಹೆಸರಿಸಲ್ಪಟ್ಟ ಕೊಪಣ. ಸಮಾಧಿಮರಣಗಳಿಂದ ಪಾವನವಾದ ಮಹಾತೀರ್ಥ. ವರಾಂಗಚರಿತದ ಕರ್ತೃಗಳಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಅಲ್ಲಿನ ಪಾಲ್ಕಿಗುಂಡು ಬೆಟ್ಟದ ಬಂಡೆಯಲ್ಲಿ ಕೊರೆಯಿಸಿದ ಶಾಸನವು ಇಂದಿಗೂ ಇದೆ. ಇಂಥ ನೆಲದಲ್ಲಿ ವೃದ್ಧೆಯೊಬ್ಬರು ಸಲ್ಲೇಖನವೆಂದರೆ ಕೇಳಿದವರ ತಲೆ ತಾನಾಗಿ ಬಾಗುತ್ತದೆ. ಬಾಗುವ ಮುನ್ನ ವಿಚಾರಿಸಬೇಕೆಂಬುದೇ ಶಾಸ್ತ್ರದ ಆದೇಶ.

ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳು ಒದಗಿದಾಗ ಧರ್ಮರಕ್ಷಣೆಗಾಗಿ ಶರೀರವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ತಿಳಿಸುತ್ತದೆ. ಪರಿಹಾರವಿರುವ ದುಃಖಕ್ಕೆ ಅಲ್ಲಿ ಸ್ಥಳವಿಲ್ಲ. ಸಲ್ಲೇಖನದ ಐದು ಅತಿಚಾರಗಳಲ್ಲಿ ಜೀವಿತದ ಆಸೆಯೊಂದಿಗೆ ಮರಣದ ಆಸೆಯನ್ನೂ ಎಣಿಸಲಾಗಿದೆ. ಬೇಗ ಸತ್ತರೆ ಸಾಕೆಂಬ ಬಯಕೆಯು ಸಲ್ಲೇಖನಕ್ಕೆ ಕಲಂಕವಾದ ಮೇಲೆ, ಆ ಬಯಕೆಯೇ ಮೂಲವಾಗಿರುವ ಅನಶನವು ಸಲ್ಲೇಖನವಾಗುವುದೆಂತು? ಇಷ್ಟವಿಯೋಗದಿಂದ ಹುಟ್ಟಿ ಅದರಲ್ಲಿಯೇ ಸುತ್ತುವ ಚಿಂತನೆಗೆ ಆಗಮವು ಆರ್ತಧ್ಯಾನವೆಂದು ಹೆಸರಿಟ್ಟಿದೆ. ವೈದ್ಯನು ಖಿನ್ನತೆಯೆಂದು ಹೆಸರಿಸುವ ಸ್ಥಿತಿಯೊಂದಿಗೆ ಇದು ಎಲ್ಲ ಅಂಶಗಳಲ್ಲಿಯೂ ಒಂದಲ್ಲ. ಆದರೆ ಆ ಸ್ಥಿತಿಯಲ್ಲಿರುವವರಿಗೆ ಮೊದಲು ಬೇಕಾದುದು ಸಾಂತ್ವನ ಮತ್ತು ಚಿಕಿತ್ಸೆ ಎಂಬುದರಲ್ಲಿ ಎರಡು ಮಾತಿಲ್ಲ.

ಶಿವಾರ್ಯರ ಭಗವತೀ ಆರಾಧನೆಯು ಕ್ಷಪಕನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕರಿರುವ ಆದರ್ಶವನ್ನು ಹೇಳುತ್ತದೆ. ಆಹಾರತ್ಯಾಗಕ್ಕೆ ಮುನ್ನ ವಿವಿಧ ಆಹಾರಗಳನ್ನು ತೋರಿಸಿ, ಅವನ ಮನಸ್ಸಿನಲ್ಲಿ ಆಸೆಯುಳಿದಿದೆಯೇ ಎಂದು ಪರೀಕ್ಷಿಸುವ ಕ್ರಮವೂ ಅದರಲ್ಲಿದೆ. ಗುರುವಿನ ಅನುಮತಿ, ಸಂಘದ ಸಮಕ್ಷಮ, ಕ್ರಮಕ್ರಮವಾದ ತ್ಯಾಗ ಇವೆಲ್ಲವೂ ಚಿತ್ತಪರೀಕ್ಷೆಯ ಏರ್ಪಾಡುಗಳೇ ಸರಿ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದುದು ಕಣ್ಣಿನ ದೃಷ್ಟಿ ಕುಂದಿ ಮಹಾವ್ರತಗಳ ಪಾಲನೆಗೆ ಬಾಧಕ ಬಂದಾಗ. ಕಾರಣವು ಸ್ಪಷ್ಟವಾಗಿತ್ತು, ಎಲ್ಲವೂ ಬಹಿರಂಗವಾಗಿತ್ತು, ಕೊನೆಯ ದಿನಗಳಲ್ಲಿಯೂ ಅವರು ಸಮಾಜಕ್ಕೆ ಉಪದೇಶವನ್ನಿತ್ತರು. ಮನೆಯ ಮೂಲೆಯಲ್ಲಿ ಗೋಡೆಯತ್ತ ಮುಖಮಾಡಿ ಮಲಗಿದ ವೃದ್ಧೆಯ ಸ್ಥಿತಿಯನ್ನು ಇದರೊಂದಿಗೆ ಹೋಲಿಸಿದರೆ ಅಂತರವು ತಾನಾಗಿ ತಿಳಿಯುತ್ತದೆ. ‘ನನ್ನಿಂದ ಯಾರಿಗೇನು ಉಪಯೋಗ’ ಎಂಬ ಮಾತು ವೈರಾಗ್ಯದ್ದೋ, ಮನೆಯವರ ಉಪೇಕ್ಷೆಯಿಂದ ಹುಟ್ಟಿದ್ದೋ ಎಂಬುದನ್ನು ಮಕ್ಕಳು ಎದೆಮುಟ್ಟಿ ಕೇಳಿಕೊಳ್ಳಬೇಕು. ವೃದ್ಧರ ಆರೈಕೆಯ ಭಾರವು ಇಳಿಯುವುದೆಂಬ ಸಮಾಧಾನವು ಯಾರ ಮನಸ್ಸಿನ ಯಾವ ಮೂಲೆಯಲ್ಲಿದ್ದರೂ, ಅಲ್ಲಿ ಕೈಮುಗಿಯುವುದು ಹಿಂಸೆಗೆ ಅನುಮೋದನೆಯಾಗುತ್ತದೆ.

ಈ ವಿವೇಕಕ್ಕೆ ಸಮಂತಭದ್ರರ ಕಥೆಯೇ ಉತ್ತಮ ನಿದರ್ಶನ. ಮುನಿಯಾಗಿದ್ದ ಅವರಿಗೆ ಎಷ್ಟು ಉಂಡರೂ ತಣಿಯದ ಭಸ್ಮಕವ್ಯಾಧಿ ಬಂದಿತೆಂದೂ, ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ ದೇವಚಂದ್ರನ ರಾಜಾವಳೀ ಕಥೆಯು ತಿಳಿಸುತ್ತದೆ. ಗುರುಗಳು ಒಪ್ಪಲಿಲ್ಲ. ಶಿಷ್ಯನಿಂದ ಧರ್ಮಪ್ರಭಾವನೆಯು ಇನ್ನೂ ಆಗಬೇಕಾಗಿದೆಯೆಂದರಿತು, ಮುನಿವೇಷವನ್ನು ತೊರೆದಾದರೂ ವ್ಯಾಧಿಯನ್ನು ಗುಣಪಡಿಸಿಕೊಂಡು, ಪುನಃ ದೀಕ್ಷೆಯನ್ನು ಸ್ವೀಕರಿಸುವಂತೆ ಅಪ್ಪಣೆಯಿತ್ತರು. ಸಲ್ಲೇಖನದ ಲಕ್ಷಣವನ್ನು ಶ್ರಾವಕರಿಗೆ ಬೋಧಿಸಿದ ಮಹಾಪುರುಷರೇ ಒಮ್ಮೆ ಸಲ್ಲೇಖನವನ್ನು ನಿರಾಕರಿಸಲ್ಪಟ್ಟವರು. ವ್ಯಾಧಿಗೆ ಮೊದಲು ಚಿಕಿತ್ಸೆ, ಅನಂತರ ವ್ರತವೆಂಬ ಕ್ರಮವನ್ನು ಪರಂಪರೆಯು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ.

ಸಂತಾರ ಅಥವಾ ಸಲ್ಲೇಖನವು ಆತ್ಮಹತ್ಯೆಯೆಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪಿತ್ತಾಗ ಜೈನ ಸಮಾಜವು ದೇಶಾದ್ಯಂತ ನೊಂದಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆಯನ್ನಿತ್ತಿತು. ಸಲ್ಲೇಖನವು ಆತ್ಮಹತ್ಯೆಯಲ್ಲವೆಂದು ಸಮಾಜವು ಹೇಳುವುದು ಸತ್ಯ. ಆ ಸತ್ಯದ ಬಲವಾದರೋ, ಎರಡನ್ನೂ ಬೇರ್ಪಡಿಸುವ ಶಾಸ್ತ್ರೋಕ್ತ ಪರೀಕ್ಷೆಗಳನ್ನು ಮನೆಮನೆಯಲ್ಲಿ ಎಷ್ಟು ನಿಷ್ಠೆಯಿಂದ ಪಾಲಿಸಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ವಿಷಣ್ಣಚಿತ್ತರ ಅನ್ನತ್ಯಾಗಕ್ಕೆ ಸಲ್ಲೇಖನವೆಂಬ ಹೆಸರನ್ನಿತ್ತರೆ, ಪರಪಕ್ಷದ ಆಕ್ಷೇಪಣೆಗೆ ಸ್ವಪಕ್ಷವೇ ಸಾಕ್ಷಿ ನುಡಿದಂತಾಗುತ್ತದೆ.

ಬೇವೂರಿನಂಥ ಊರಿನವರಿಗೆ ಚಿಕಿತ್ಸೆಯು ಇಂದು ದುರ್ಲಭವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು ಹಳ್ಳಿಯಲ್ಲಿಯೇ ಮನೋರೋಗಗಳನ್ನು ಉಪಚರಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಡೆಸಿದುದು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. ಅದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಈಗಾಗಲೇ ಔಷಧಿಯನ್ನು ಸೇವಿಸುತ್ತಿರುವವರು ಉಪವಾಸದ ನಿಮಿತ್ತ ಅದನ್ನು ತಾವಾಗಿ ನಿಲ್ಲಿಸಬಾರದು. ಲಿಥಿಯಂ ಎಂಬ ಔಷಧಿಯನ್ನು ತೆಗೆದುಕೊಳ್ಳುವವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣವೇರಿ ವಿಷವಾಗುವ ಭಯವಿದೆ. ಅಂಥವರು ವೈದ್ಯರನ್ನೂ ಗುರುಗಳನ್ನೂ ಕೇಳಿ, ಸ್ವಾಧ್ಯಾಯ, ಮೌನ, ರಸತ್ಯಾಗಗಳಂಥ ನಿಯಮಗಳನ್ನು ಆರಿಸಿಕೊಳ್ಳುವುದು ಯುಕ್ತ.

ರೋಗಿಯನ್ನು ವೈದ್ಯನಲ್ಲಿಗೆ ಕರೆದೊಯ್ಯುವುದು ಧರ್ಮದಿಂದ ದೂರ ಸರಿಯುವುದಲ್ಲ; ವೈಯಾವೃತ್ತ್ಯವೂ ಆಭ್ಯಂತರ ತಪಸ್ಸಿನ ಭೇದಗಳಲ್ಲಿ ಒಂದು. ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದು ತುತ್ತು ಉಣ್ಣಿಸುವ ಮಗನೂ, ಮೊಮ್ಮಗಳ ಭಯವನ್ನು ಹಳಿಯದೆ ಕೇಳುವ ತಾಯಿಯೂ ಆ ತಪಸ್ಸನ್ನೇ ಆಚರಿಸುತ್ತಾರೆ. ಚಿತ್ತವು ಸ್ವಸ್ಥವಾದ ಮೇಲೆ ಅವರಿಬ್ಬರೂ ಕೈಗೊಳ್ಳುವ ಒಂದು ದಿನದ ಏಕಾಶನವು, ವ್ಯಾಧಿಯು ಬಲಾತ್ಕಾರದಿಂದ ಮಾಡಿಸಿದ ನೂರು ದಿನಗಳ ನಿರಾಹಾರಕ್ಕಿಂತ ಶ್ರೇಯಸ್ಕರವಾದುದು.